ಹಾಡಿಗೊಂದು ಬುತ್ತಿ

ಧ್ವನಿಮುದ್ರಣದ ವಿದ್ಯೆಯಲ್ಲಿ ಹೆಸರು ಮಾಡಿದವರು ಬಹಳ ಮಂದಿ ಇದ್ದಾರೆ. ಆದರೆ ತಮ್ಮ ಕೈಕೆಲಸ ಕೇಳುಗರಿಗೆ ಗೊತ್ತೇ ಆಗಬಾರದೆಂದು ಪಟ್ಟು ಹಿಡಿದವರು ವಿರಳ. ನಮ್ಮ ಸ್ಟುಡಿಯೊದಿಂದ ಈಗ ನಿವೃತ್ತರಾಗುತ್ತಿರುವ ಹಿರಿಯ ಧ್ವನಿ ಇಂಜಿನಿಯರ್, ಚಿಕ್ಕವರಿಗೂ ದೊಡ್ಡವರಿಗೂ ಒಂದೇ ಸಮನೆ ‘ಅಕ್ಕ’ನಾಗಿರುವವರು, ಆ ವಿರಳರಲ್ಲಿ ಒಬ್ಬರು. ಎದುರಿಗೆ ಹೊಗಳಿದರೆ ಅವರು ಮಾತಾಡದೆ ಹೆಡ್‌ಫೋನ್ ಏರಿಸಿಕೊಂಡುಬಿಡುತ್ತಾರೆ. ಈ ಅಭಿನಂದನಾ ಪುಸ್ತಕಕ್ಕೆ ಆ ಭಯವಿಲ್ಲವಾದ್ದರಿಂದ ಇಲ್ಲಿ ಧಾರಾಳವಾಗಿ ಹೊಗಳಬಹುದು.

ಅಕ್ಕ ಕೆಲಸಕ್ಕೆ ಸೇರಿದ್ದು ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿ. ತಪ್ಪಿ ಕತ್ತರಿಸಿದ್ದು ಮೊದಲಿನಂತಾಗದು ಎಂಬ ಅಳುಕನ್ನು ಅವರು ಆಗ ಕಲಿತರು, ಕೊನೆಯವರೆಗೂ ಬಿಡಲಿಲ್ಲ. ಆಮೇಲೆ ಕಂಪ್ಯೂಟರ್ ಬಂತು, ಅದರ ಬೆನ್ನಿಗೇ ಪ್ಲಗಿನ್‌ಗಳು ಬಂದವು. ಸಂಗೀತದ ತಂತ್ರಾಂಶದೊಳಗೆ ಸೇರಿಕೊಂಡು ದುಡಿಯುವ ಸಣ್ಣ ಉಪಕರಣಗಳು ಅವು: ಒಂದು ಬೇಡದ ಸದ್ದನ್ನು ತೆಗೆಯುತ್ತದೆ, ಇನ್ನೊಂದು ಏರಿದ ದನಿಯನ್ನು ತಗ್ಗಿಸುತ್ತದೆ, ಮತ್ತೊಂದು ಪುಟ್ಟ ಕೋಣೆಯಲ್ಲಿ ಹಾಡಿದ್ದಕ್ಕೆ ದೊಡ್ಡ ಸಭಾಂಗಣದ ಗುಂಗು ಕೊಡುತ್ತದೆ. ಸ್ಟುಡಿಯೊಗೆ ಹುಚ್ಚೇ ಹಿಡಿಯಿತು. ಯಾರಿಗೆ ಯಾವುದು ಸಿಕ್ಕಿತೋ ಅದನ್ನೆಲ್ಲ ತಂದು ತುಂಬಿದರು. ಬೇಕಾದದ್ದನ್ನು ಹುಡುಕುವಷ್ಟರಲ್ಲಿ ಹಾಡುಗಾರರಿಗೆ ಆಕಳಿಕೆ ಬರುತ್ತಿತ್ತು. ತಂತ್ರಾಂಶದ ಪರದೆಯ ಮೇಲಿನ ಪಟ್ಟಿಯನ್ನು ಅಕ್ಕ ಕಂಪನಿಗಳ ಹೆಸರಿನಿಂದ ಬಿಡಿಸಿ ಕೆಲಸದ ಪ್ರಕಾರ ವಿಂಗಡಿಸಿದರು: ‘ತೊಳೆಯುವವು’, ‘ಹಿಡಿದಿಡುವವು’, ‘ಹರಡುವವು’. ಬಂದ ಮೇಲೆ ಒಂದು ಕೆಲಸವನ್ನೂ ಮಾಡದೆ ಕೂತವಕ್ಕೆ ‘ನೆಂಟರು’ ಎಂದು ಹೆಸರಿಟ್ಟು ಕೊನೆಗೆ ಸರಿಸಿದರು.

ಅವರ ಇನ್ನೊಂದು ಪದ್ಧತಿ ನಮ್ಮೆಲ್ಲರ ನಗೆಗೆ ಈಡಾಗಿತ್ತು. ಒಂದು ಹಾಡಿನ ಕೆಲಸ ಆ ದಿನದ ಮಟ್ಟಿಗೆ ಮುಗಿದೊಡನೆ, ಪ್ರತಿ ವಾದ್ಯವನ್ನೂ ಪ್ಲಗಿನ್‌ಗಳ ಪರಿಣಾಮದ ಸಮೇತ ಸಾದಾ ಧ್ವನಿಯ ಫೈಲಾಗಿ ಮಾಡಿ ಬೇರೆ ಡಿಸ್ಕಿನಲ್ಲಿ ತೆಗೆದಿಡುತ್ತಿದ್ದರು. ಒಂದೂ ಪ್ಲಗಿನ್ ಇಲ್ಲದ ಕಂಪ್ಯೂಟರಿನಲ್ಲೂ ಅದು ನುಡಿಯುತ್ತದೆ. ಅದಕ್ಕೆ ಅವರಿಟ್ಟ ಹೆಸರು ‘ಬುತ್ತಿ’. ಜಾಗ ದಂಡವೆಂದು ಯಾರಾದರೂ ಗೊಣಗಿದರೆ ಉತ್ತರ ಸಿದ್ಧವಿತ್ತು. “ದಾರೀಲಿ ಹೋಟ್ಲು ಸಿಗುತ್ತೆ ಅಂತ ನೀವು ಕೈ ಬೀಸ್ಕೊಂಡು ಹೊರಡಿ. ನಾನು ಕಟ್ಕೊಂಡೇ ಬರ್ತೀನಿ.”

ಆ ಬುತ್ತಿ ಬಿಚ್ಚುವ ದಿನವೂ ಬಂತು. ನಮ್ಮ ವ್ಯವಸ್ಥಾಪಕರು ಅತಿ ಅಚ್ಚುಕಟ್ಟಿನ ಮನುಷ್ಯ. ಮೇಜಿನ ಮೇಲೆ ಪೆನ್ನು ಓರೆಯಾಗಿದ್ದರೂ ಅವರಿಗೆ ಊಟ ಸೇರದು. ಅಕ್ಕನ ಪಟ್ಟಿಯನ್ನು ಕಂಡು ಮೆಚ್ಚಿ, ಅಕ್ಕ ಒಂದು ದಿನ ರಜೆಯಲ್ಲಿದ್ದಾಗ ತಾವೂ ಕೈ ಹಾಕಿದರು. ಅಕ್ಕ ಬದಲಿಸಿದ್ದು ಕಣ್ಣಿಗೆ ಕಾಣುವ ಪಟ್ಟಿಯನ್ನು ಮಾತ್ರ. ಇವರು ಪ್ಲಗಿನ್‌ಗಳ ಅಸಲು ಫೈಲುಗಳನ್ನೇ, ತಂತ್ರಾಂಶ ಹುಡುಕುವ ಜಾಗದೊಳಗೇ, ಇದ್ದಲ್ಲಿಂದ ಎತ್ತಿ ಹೊಸ ಹೊಸ ಫೋಲ್ಡರುಗಳಲ್ಲಿ ಜೋಡಿಸಿಟ್ಟರು. ಎಲ್ಲಿ ಸೇರಿಸಬೇಕೆಂದು ತಿಳಿಯದ ಕೆಲವನ್ನು ಎರಡೆರಡು ಕಡೆ ಇಟ್ಟರು.

ಮಾರನೆಯ ಬೆಳಗ್ಗೆ ಬಂದವರು ಒಬ್ಬ ಹಿರಿಯ ಗಾಯಕಿ. ಮರುದಿನ ಅವರಿಗೆ ಗಂಟಲಿನ ಶಸ್ತ್ರಚಿಕಿತ್ಸೆ; ದನಿ ಉಳಿಯುವ ಭರವಸೆಯನ್ನು ವೈದ್ಯರು ಕೊಟ್ಟಿರಲಿಲ್ಲ. ತಾಯಿ ಹೇಳಿಕೊಟ್ಟ ಒಂದು ಹಾಡನ್ನು ಮೊಮ್ಮಗಳಿಗಾಗಿ ಹಾಡಿಡಬೇಕೆಂಬುದು ಅವರ ಆಸೆ. ವಾದ್ಯಗಳ ಮುದ್ರಣ ಮುಗಿದು ಹಾಡುವುದಷ್ಟೇ ಬಾಕಿಯಿತ್ತು. ಆದರೆ ತಂತ್ರಾಂಶ ಅರ್ಧ ತೆರೆದುಕೊಂಡು ಮುಚ್ಚಿಕೊಂಡಿತು. ಮತ್ತೆ ತೆರೆದರೂ ಅದೇ ಹಾಡು.

“ಅಕ್ಕ, ನಿನ್ನೆ ನಾನು ಸ್ವಲ್ಪ ಓರಣ ಮಾಡಿದೆ,” ಎಂದರು ವ್ಯವಸ್ಥಾಪಕರು.

“ಎಲ್ಲಿ?”

“ಡಿಸ್ಕಲ್ಲೇ. ನೀವು ಮಾಡಿದ ಹಾಗೇ.”

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಗಾಜಿನಾಚೆ ಬಿಸಿನೀರಿನ ಲೋಟ ಹಿಡಿದು ಕೂತಿದ್ದ ಗಾಯಕಿಯನ್ನು ನೋಡಿ ಅದನ್ನು ನುಂಗಿಕೊಂಡರು. ಆ ದನಿ ಮಧ್ಯಾಹ್ನದ ಹೊತ್ತಿಗೆ ದಣಿಯುತ್ತದೆಂದು ಅವರಿಗೆ ಗೊತ್ತಿತ್ತು. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕೋಣವೆಂದು ಒಬ್ಬರು, ಮೊದಲಿನ ಜಾಗಕ್ಕೇ ಸುರಿಯೋಣವೆಂದು ಇನ್ನೊಬ್ಬರು ಹೇಳುತ್ತಿರುವಾಗ ಅಕ್ಕ ಎದ್ದರು. “ರಿಪೇರಿ ಆಮೇಲೆ. ಮೊದಲು ಅವರ ಹಾಡು.”

ಪಕ್ಕದ ಕೋಣೆಯಲ್ಲಿ ಒಂದೂ ಪ್ಲಗಿನ್ ಇಲ್ಲದ ಹಳೆಯ ಕಂಪ್ಯೂಟರಿತ್ತು. ಮೈಕಿನ ತಂತಿಯನ್ನು ಅದಕ್ಕೆ ಎಳೆದು, ಬುತ್ತಿಯಲ್ಲಿದ್ದ ವಾದ್ಯಗಳನ್ನು ಅದರಲ್ಲಿ ಸಾಲಾಗಿ ಇಟ್ಟರು. ಗಾಯಕಿ ಹೆಡ್‌ಫೋನಿನಲ್ಲಿ ತಮ್ಮ ದನಿ ಕೇಳಿ ಹುಬ್ಬೇರಿಸಿದರು.

“ಏನಮ್ಮಾ, ತುಂಬಾ ಬೋಳಾಗಿ ಕೇಳ್ತಿದೆಯಲ್ಲ?”

“ಇವತ್ತು ಹಾಗೇ ಇರ್ಲಿ ಅಮ್ಮ. ನೀವು ಹಾಡಿ.”

ಅವರು ಹಾಡಿದರು. ದನಿ ದಣಿಯುವ ಮೊದಲೇ ಹಾಡು ಮುಗಿಯಿತು.

ಅವರು ಹೊರಟ ಮೇಲೆ ಅಕ್ಕ ರಿಪೇರಿಗೆ ಕೂತರು. ಎಲ್ಲ ಫೈಲುಗಳನ್ನೂ ಹೊರಗಿಟ್ಟು, ಅರ್ಧದಷ್ಟನ್ನು ಹಳೆಯ ಜಾಗಕ್ಕೆ ತಂದು ತಂತ್ರಾಂಶವನ್ನು ತೆರೆದು ನೋಡುವುದು. ತೆರೆದುಕೊಂಡರೆ ದೋಷ ಉಳಿದರ್ಧದಲ್ಲಿದೆ, ಆ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಹೀಗೆ ಸೋಸುತ್ತ ಹೋದಾಗ, ಎರಡು ಕಡೆ ಇಟ್ಟ ಒಂದೇ ಪ್ಲಗಿನ್ನಿನ ಎರಡು ಪ್ರತಿಗಳು ಒಟ್ಟಿಗೆ ಎದ್ದು ಜಗಳಕ್ಕೆ ನಿಂತಿದ್ದು ಸಿಕ್ಕಿತು. ತಲೆ ತಗ್ಗಿಸಿ ನಿಂತಿದ್ದ ವ್ಯವಸ್ಥಾಪಕರಿಗೆ ಅಕ್ಕ ಬೈಯಲಿಲ್ಲ. ಪರದೆಯಲ್ಲಿ ‘ನೆಂಟರು’ ಪಟ್ಟಿಯನ್ನು ತೋರಿಸಿ, “ಓರಣ ಮಾಡೋ ಆಸೆ ಬಂದಾಗ ಇವರನ್ನ ವಿಚಾರಿಸ್ಕೊಳ್ಳಿ, ಯಾರಿಗೂ ನೋವಾಗಲ್ಲ,” ಎಂದರು. ಆ ಜವಾಬ್ದಾರಿಯನ್ನು ಅವರು ಇಂದಿಗೂ ಶ್ರದ್ಧೆಯಿಂದ ನಿರ್ವಹಿಸುತ್ತಿದ್ದಾರೆ.

ಶಸ್ತ್ರಚಿಕಿತ್ಸೆಯಿಂದ ಗಾಯಕಿಯ ಜೀವ ಉಳಿಯಿತು, ಹಾಡುವ ದನಿ ಉಳಿಯಲಿಲ್ಲ. ಸಿದ್ಧವಾದ ಹಾಡನ್ನು ಕೇಳಲು ಅವರು ಮತ್ತೆ ಬಂದರು. ಅಕ್ಕ ತಮ್ಮ ವಿದ್ಯೆಯನ್ನೆಲ್ಲ ಧಾರೆಯೆರೆದು ಅದನ್ನು ಅಣಿಗೊಳಿಸಿದ್ದರು. ಕೇಳಿ ಮುಗಿಸಿದ ಗಾಯಕಿ ಒಡೆದ ದನಿಯಲ್ಲಿ, “ಚೆನ್ನಾಗಿದೆ. ಯಾರೋ ದೊಡ್ಡವರು ಹಾಡಿದ ಹಾಗಿದೆ,” ಎಂದರು.

ಅಕ್ಕನಿಗೆ ಎದೆ ಚುರ್ರೆಂದಿತು. ಹಾಡನ್ನು ಮತ್ತೆ ಹಚ್ಚಿ, ದನಿಯ ಮೇಲಿದ್ದ ಪ್ಲಗಿನ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಬಂದರು. ಗುಂಗು ಹೋಯಿತು, ನಯ ಹೋಯಿತು, ಸಾಲಿನ ನಡುವೆ ಎಳೆದ ಉಸಿರು ಕೇಳತೊಡಗಿತು. ಕೊನೆಯದನ್ನು ತೆಗೆದಾಗ ಗಾಯಕಿ ತಮ್ಮ ಗಂಟಲಿನ ಮೇಲೆ ಕೈ ಇಟ್ಟುಕೊಂಡರು.

“ಹಾಂ,” ಎಂದರು. “ಇದು ನಾನು.”

ಹಾಡು ಹಾಗೆಯೇ ಹೊರಬಂತು.

ಇಂಥ ಅಕ್ಕನಿಗೆ ಆಯುಸ್ಸೂ ಆರೋಗ್ಯವೂ ತುಂಬಿ ಬರಲಿ, ಆ ಕಿವಿ ಸದಾ ಚುರುಕಾಗಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಕೆಟ್ಟು ಕೂತ ಹಾಡುಗಳನ್ನು ಮನೆಗೆ ತಂದರೆ ನೋಡಿಕೊಡಲು ಅವರು ಒಪ್ಪಿದ್ದಾರೆ, ಬುತ್ತಿ ಕಟ್ಟಿ ತಂದವರಿಗೆ ಮಾತ್ರ. ಅಭಿನಂದನೆಯ ದಿನ ಗಾಯಕಿಯೂ ಬರಲಿದ್ದಾರೆ. ಅವರು ಭಾಷಣ ಮಾಡುವುದಿಲ್ಲ. ಅವರ ಬದಲು ಆ ಹಾಡನ್ನು ಹಾಕುತ್ತೇವೆ. ಅಕ್ಕನ ಹೆಡ್‌ಫೋನನ್ನು ಮೊದಲೇ ಎತ್ತಿಡುವ ಕೆಲಸವನ್ನು ವ್ಯವಸ್ಥಾಪಕರು ವಹಿಸಿಕೊಂಡಿದ್ದಾರೆ. ಅಂದು ಒಂದು ದಿನವಾದರೂ ಅಕ್ಕ ತಮ್ಮ ಹೊಗಳಿಕೆಯನ್ನು ಪೂರ್ತಿ ಕೇಳಬೇಕು.