ಮುಂದಿನ ಗೇಟಿನವನು

ಆ ದಿನ ಬೆಳಿಗ್ಗೆ ಅವನು ತಿಂದ ತಟ್ಟೆಯನ್ನು ತಾನೇ ತೊಳೆದಿಟ್ಟ. ಬಾಗಿಲ ಬಳಿಯ ಫಿನೈಲ್ ಬಕೆಟ್ಟನ್ನು ಕಾಲಿನಿಂದ ಗೋಡೆಗೆ ಸರಿಸಿ ಕೆಲಸಕ್ಕೆ ಹೊರಟ. ಆಸ್ಪತ್ರೆಯಿಂದ ಬಂದವನು ಅದರಲ್ಲಿ ಕೈ ಅದ್ದದೆ ಎಂದೂ ಒಳಗೆ ಕಾಲಿಟ್ಟವನಲ್ಲ.

"ಬರುವಾಗ ಚಪ್ಪಲಿಗೆ ಮೊಳೆ ಹೊಡೆಸ್ಕೊಂಡು ಬನ್ರೀ" ಎಂದಳು ಹೆಂಡತಿ.

"ಚಪ್ಪಲಿ ಎಲ್ಲಿದೆ? ಈಗಿರೋದು ಬರೀ ಮೊಳೇನೇ."

ಅಷ್ಟೇ ಮಾತು.

ಊರಿನ ಅಂಟುರೋಗದ ಆಸ್ಪತ್ರೆಗೆ ಎರಡು ಗೇಟು. ದಡಾರ, ನಾಯಿಕೆಮ್ಮು, ಗಂಟಲುಮಾರಿಯ ಮಕ್ಕಳು ಮುಂದಿನ ಗೇಟಿಗೆ. ಸಿಡುಬು ಹಿಂದಿನ ಗೇಟಿಗೆ. ಅವನು ಮುಂದಿನ ಗೇಟಿನವನು. ನಡೆಯಲಾರದ ಮಕ್ಕಳನ್ನು ಎತ್ತಿಕೊಂಡು ಹೋಗಿ ಮಲಗಿಸುವುದೂ ಅವನದೇ ಕೆಲಸ. ಹಿಂದಿನ ಗೇಟಿಗೆ ಅವನನ್ನು ಹಾಕುತ್ತಿರಲಿಲ್ಲ. ಸಿಡುಬಿನ ಲಸಿಕೆ ಎಷ್ಟು ಸಲ ಹಾಕಿದರೂ ಅವನ ತೋಳಿಗೆ ಹಿಡಿದಿರಲಿಲ್ಲ. ಒಂದು ಗುಳ್ಳೆಯಿಲ್ಲ, ಒಂದು ಕಲೆಯಿಲ್ಲ. ತನ್ನದು ಎಮ್ಮೆ ಚರ್ಮ ಎಂದು ಅವನೇ ವಠಾರದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ.

ಲಸಿಕೆ ಹಾಕುವವನು ವಠಾರಕ್ಕೆ ಬಂದಾಗ ಅಲ್ಲಿಯ ಹೇಸಿಗೆ ನೋಡಬೇಕಿತ್ತು. ಮಕ್ಕಳನ್ನು ಮಂಚದಡಿ, ಸೌದೆಯ ಹಿಂದೆ ತುರುಕಿದರು. ಇಸ್ತ್ರಿಯವಳ ಮಗನ ತೋಳಲ್ಲಿ ಲಸಿಕೆಯ ಹಳೆಯ ಕಲೆ ಇತ್ತು. ಅವನೊಬ್ಬನನ್ನೇ ಹಿತ್ತಲ ಬಾಗಿಲಿಂದ ಮನೆ ಮನೆಗೆ ದಾಟಿಸಿ, ಅಂಗಿ ಬದಲಿಸಿ, ತಮ್ಮ ತಮ್ಮ ಮಗನೆಂದು ಅವನ ತೋಳು ತೋರಿಸಿದರು. ಬಂದವನು ತೋಳು ನೋಡಿದ, ಮುಖ ನೋಡಲಿಲ್ಲ. ಪಕ್ಕದ ಮನೆಯ ದರ್ಜಿಯ ಹೆಂಡತಿ ನಲ್ಲಿಯ ಹತ್ತಿರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೇಟಿನವನು ಬೈದದ್ದಕ್ಕೆ, ನಿಮ್ಮ ಎಮ್ಮೆ ಚರ್ಮಕ್ಕೆ ಹಿಡಿಯದ್ದು ನನ್ನ ಮಗನಿಗೇಕೆ ಎಂದು ಅವನ ಬಾಯಿ ಮುಚ್ಚಿಸಿದಳು.

ಚಪ್ಪಲಿಯ ಮಾತಾಡಿ ಹೋದ ದಿನ ಮಧ್ಯಾಹ್ನ, ಅದೇ ದರ್ಜಿಯ ಹೆಂಡತಿ ಮಗನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮುಂದಿನ ಗೇಟಿಗೆ ಬಂದಳು. ಸಿಡುಬು ಎಂದರೆ ಮನೆಯ ಬಟ್ಟೆಬರೆ ಸುಡುತ್ತಾರೆ, ಗಂಡನ ಅಂಗಡಿಗೆ ಯಾರೂ ಬರುವುದಿಲ್ಲ ಎಂಬ ಭಯ ಅವಳಿಗೆ.

"ದಡಾರ ಅಣ್ಣಾ. ಬೇಗ ಎತ್ಕೊಳ್ಳಿ, ನನ್ ಕೈಲಾಗ್ತಿಲ್ಲ."

"ಮುಖ ತೋರ್ಸಮ್ಮಾ."

"ಗಾಳಿ ಆಗಲ್ಲ ಅವನಿಗೆ. ಪಕ್ಕದ ಮನೇಲಿದ್ಕೊಂಡು ನಿಮ್ಗೆ ಸುಳ್ಳು ಹೇಳ್ತೀನಾ?"

ಎತ್ತಿಕೊಂಡ. ದಾರಿಯುದ್ದಕ್ಕೂ ಹುಡುಗನ ಬಾಯಿ ಅವನ ಕುತ್ತಿಗೆಗೆ ಒತ್ತಿತ್ತು. ಒಳಗೆ ಕಂಬಳಿ ಬಿಚ್ಚಿದ ನರ್ಸು ಹಿಂದೆ ಸರಿದಳು.

ಅವನನ್ನು ಮನೆಗೆ ಬಿಡಲಿಲ್ಲ. ಮತ್ತೆ ಲಸಿಕೆ ಹಾಕಿದರು, ಅದೂ ಹಿಡಿಯಲಿಲ್ಲ. ಕೆಲವು ದಿನ ಚೆನ್ನಾಗಿಯೇ ಇದ್ದ. ಆಮೇಲೆ ಜ್ವರ ಬಂತು, ಮೈ ತುಂಬ ಗುಳ್ಳೆ ಎದ್ದವು. ಹೆಂಡತಿ ಹಿಂದಿನ ಗೇಟಿನ ಕಂಬಿ ಹಿಡಿದು ನಿಂತಳು. ಕೊನೆಗೆ ಆ ಗೇಟಿನಿಂದಲೇ ಅವನ ಹೆಣ ಸಾಗಿಸಿದರು. ಮುಖ ತೋರಿಸಲಿಲ್ಲ. ವಠಾರದಿಂದ ಒಬ್ಬ ಗಂಡಸೂ ಬರಲಿಲ್ಲ. ಎಲ್ಲರೂ ಲಸಿಕೆಯ ಸಾಲಿನಲ್ಲಿದ್ದರು. ಮಕ್ಕಳನ್ನು ಮಂಚದಡಿ ತುರುಕಿದ್ದ ಅದೇ ತಾಯಂದಿರು ಅಲ್ಲಿ ಒಬ್ಬರನ್ನೊಬ್ಬರು ನೂಕುತ್ತಿದ್ದರು. ಥೂ.

ದರ್ಜಿಯ ಮಗ ಬದುಕಿಕೊಂಡ. ಮುಖವೆಲ್ಲ ಕಲೆ. ಈಗ ಯಾರ ತೋಳನ್ನೂ ಎರವಲು ತರಬೇಕಾಗಿಲ್ಲ.

ತಪ್ಪಾಯಿತು ಎಂಬ ಒಂದು ಮಾತು ಅವನ ತಾಯಿಯ ಬಾಯಿಂದ ಇವತ್ತಿಗೂ ಬಂದಿಲ್ಲ. ದಿನಾ ಬೆಳಕು ಹರಿಯುವ ಮೊದಲು ಬಂದು ಗೇಟಿನವನ ಹೆಂಡತಿಯ ಬಾಗಿಲಲ್ಲಿ ಒಂದು ಚೊಂಬು ಹಾಲಿಟ್ಟು ಹೋಗುತ್ತಾಳೆ. ಇವಳು ಎದ್ದು ಹಾಲನ್ನು ಮೋರಿಗೆ ಸುರಿಯುತ್ತಾಳೆ. ಗಂಡನ ಬಕೆಟ್ಟಿನಲ್ಲಿ ಫಿನೈಲ್ ಕಲಸಿ, ಚೊಂಬನ್ನು ಒಳಗೂ ಹೊರಗೂ ತಿಕ್ಕಿ, ಪಕ್ಕದ ಹೊಸ್ತಿಲ ಮೇಲೆ ಕವುಚಿಟ್ಟು ಬರುತ್ತಾಳೆ.