ಬಾಡಿಗೆ ಎಂದು ಬರೆದ ಗಿರಣಿ

ಸರಸ್ವತಿಪುರಂನಲ್ಲಿ ನಮ್ಮ ರಸ್ತೆಯ ತುದಿಗೆ ಒಂದು ಹಿಟ್ಟಿನ ಗಿರಣಿ ಇತ್ತು. ಅದನ್ನು ಒಡೆದ ದಿನ ನಾನು ಒಳಗಿದ್ದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಅದಕ್ಕೂ ಮೊದಲಿನ ಪತ್ರವೇ ನೆನಪಿಗೆ ಬರುತ್ತದೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಗಿರಣಿಯ ಯಜಮಾನರಿಗೆ ವಯಸ್ಸಾಗಿತ್ತು, ಹಿಟ್ಟಿನ ಧೂಳಿಗೆ ಉಬ್ಬಸ ಹೆಚ್ಚಾಗಿತ್ತು. ಹತ್ತು ವರ್ಷ ತಮ್ಮಲ್ಲಿ ಕೂಲಿಗಿದ್ದ ಹೆಂಗಸಿಗೇ ಗಿರಣಿಯನ್ನು ಮಾರುತ್ತೇನೆ ಎಂದರು. ಅವಳ ಜೊತೆ ಬ್ಯಾಂಕಿಗೆ ಹೋದವಳು ನಾನು. ಅಲ್ಲಿ ಮೂರು ವರ್ಷದ ಲೆಕ್ಕಪತ್ರ ಕೇಳಿದರು. ಹತ್ತಿಪ್ಪತ್ತು ರೂಪಾಯಿ ಡಬ್ಬಕ್ಕೆ ಬೀಳುವ ವ್ಯಾಪಾರದಲ್ಲಿ ಅದೆಲ್ಲ ಯಾರು ಇಟ್ಟಿರುತ್ತಾರೆ? ಅವಳು ಬಳೆ ಮಾರಿದಳು. ಬೀದಿಯ ಚೀಟಿಯನ್ನು ಅವಧಿಗೆ ಮುಂಚೆಯೇ ಕೂಗಿ, ನಷ್ಟಕ್ಕೆ ಎತ್ತಿದಳು. ಎರಡೂ ಸೇರಿ ಅರ್ಧ ಬೆಲೆಯಾಯಿತು. ಉಳಿದರ್ಧವನ್ನು ಗಿರಣಿಯೇ ದುಡಿದು ತೀರಿಸಲಿ, ತಿಂಗಳು ತಿಂಗಳು ತಮ್ಮ ಕೈಗೆ ಕೊಡಲಿ ಎಂದರು ಯಜಮಾನರು.

ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅಕ್ಷರ ದುಂಡಗಿದೆ ಎಂದು ಪತ್ರ ಬರೆಯಲು ಕರೆದರು. ತಲೆಬರಹ ಬರೆಯಲು ಪೆನ್ನೆತ್ತಿದಾಗ ಯಜಮಾನರು ಕೈ ಅಡ್ಡ ಹಿಡಿದರು.

"ಕ್ರಯ ಅಂತ ಬೇಡ ಟೀಚರಮ್ಮ. ಮಗನ ಕಣ್ಣಿಗೆ ಬಿದ್ರೆ ಮನೇಲಿ ದೊಡ್ಡ ರಾದ್ಧಾಂತ ಆಯ್ತದೆ. ಬಾಡಿಗೆ ಅಂತ ಬರ್ದ್ಬುಡಿ. ಕೊನೇ ಕಂತು ಬಂದ ದಿನ ನಾನೇ ನಿಂತು ಕ್ರಯ ಮಾಡ್ಕೊಡ್ತೀನಿ."

ನಾನು ಅವಳ ಮುಖ ನೋಡಿದೆ. ಅವಳು ನಕ್ಕಳು.

"ಬರೀರಿ ಟೀಚರ್. ಹತ್ತು ವರ್ಸ ಇವರ ಮಿಲ್ಲಿನ ಹಿಟ್ಟು ತಿಂದಿವ್ನಿ. ಕಾಗ್ದ ನೋಡಿ ನಂಬ್ಬೇಕಾ?"

ಕೊಟ್ಟ ಅರ್ಧ ಬೆಲೆಯನ್ನು ಮುಂಗಡ ಎಂದು ಬರೆದೆ, ಕಂತನ್ನು ಬಾಡಿಗೆ ಎಂದು ಬರೆದೆ. ಕೆಳಗೆ ಸಾಕ್ಷಿಯಾಗಿ ರುಜು ಹಾಕಿದೆ.

ನಾಲ್ಕು ಕಂತು ಬಾಕಿ ಇರುವಾಗ ಯಜಮಾನರು ತೀರಿಕೊಂಡರು. ತಿಥಿ ಕಳೆದ ಮರುದಿನ ಬೆಳಿಗ್ಗೆ ನಾನು ಐದು ಕೇಜಿ ರಾಗಿ ತೆಗೆದುಕೊಂಡು ಹೋಗಿದ್ದೆ. ಅವಳು ರಾಗಿ ಸುರಿದು ಯಂತ್ರ ಓಡಿಸುತ್ತಿದ್ದಳು. ಯಜಮಾನರ ಮಗ ಇಬ್ಬರನ್ನು ಕರೆದುಕೊಂಡು ಬಂದ. ಒಬ್ಬನ ಕೈಯಲ್ಲಿ ಹಾರೆ, ಇನ್ನೊಬ್ಬನ ಕೈಯಲ್ಲಿ ಕಲ್ಲೊಡೆಯುವ ಸುತ್ತಿಗೆ. ಮಗನ ಕೈ ಖಾಲಿ ಇತ್ತು. ತಂದೆಗಾಗಿ ತಲೆ ಬೋಳಿಸಿಕೊಂಡಿದ್ದ.

"ಬಾಡಿಗೆ ಮುಗೀತು. ಖಾಲಿ ಮಾಡು."

"ಇನ್ ನಾಕ್ ಕಂತು ಅದೆ ಅಣ್ಣ, ಕೊಟ್ರೆ ಮಿಲ್ಲು ನಂದೇ. ಟೀಚರ್ ಇಲ್ಲೇ ಅವ್ರೆ, ಕೇಳಿ."

ಅವನು ಜೇಬಿನಿಂದ ಪತ್ರ ತೆಗೆದು ನನ್ನ ಮುಖದೆದುರು ಹಿಡಿದ. "ಓದಿ ಟೀಚರಮ್ಮ. ನಿಮ್ಮಕ್ಷರ ಅಲ್ವಾ? ಮುತ್ತು ಪೋಣಿಸ್ದಂಗೆ ಅದೆ."

ನಾನು ಬಾಯಿ ತೆರೆಯಲಿಲ್ಲ.

ಮೊದಲ ಏಟು ಕಾಳು ಸುರಿಯುವ ತಗಡಿನ ಬಾಯಿಗೆ ಬಿತ್ತು. ರಾಗಿ ಗೋಡೆಗೆ ಸಿಡಿಯಿತು. ಎರಡನೆಯದು ಚಕ್ರಕ್ಕೆ. ಬೆಲ್ಟು ಕಳಚಿ ಹಾರಿ ಅವಳ ಕತ್ತಿಗೆ ಬಡಿಯಿತು. ಅಲ್ಲಿ ಕೆಂಪು ಬರೆ ಏಳುವುದನ್ನು ನೋಡಿದೆ. ಅವಳು ಹಿಂದೆ ಸರಿಯಲಿಲ್ಲ, ಯಂತ್ರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಮಗ ಜಡೆ ಹಿಡಿದು ಎಳೆದ. ತಲೆ ಹಿಂದಕ್ಕೆ ಬಾಗಿತೇ ಹೊರತು ಕೈ ಬಿಡಲಿಲ್ಲ.

"ಕೈ ಬುಡಿಸ್ರೋ."

ಸುತ್ತಿಗೆಯವನು ನಿಂತ. "ಹೆಂಗಸು ಕಣಣ್ಣ."

"ಗಂಡಸರನ್ನ ಕರ್ಕಂಡು ಬಂದಿವ್ನಿ ಅನ್ಕಂಡಿದ್ದೆ," ಎಂದು ಮಗ ಸುತ್ತಿಗೆಯನ್ನು ಕಿತ್ತುಕೊಂಡ. ಒಂದು ಸಲ ಎತ್ತಿ ಅವಳ ಬಲಗೈಯ ಮೇಲೆ ಇಳಿಸಿದ. ಮೂಳೆ ಮುರಿದರೆ ಜೋರಾಗಿ ಸದ್ದಾಗುತ್ತದೆ ಎಂದುಕೊಂಡಿದ್ದೆ. ಒದ್ದೆ ಬಟ್ಟೆ ಒಗೆದಷ್ಟೇ ಸದ್ದು ಬಂತು. ಅವಳು "ಅಪ್ಪಾ" ಎಂದು ಕುಸಿದು ಕೂತಳು. ಅವನು ಮತ್ತೆ ಮೂರು ಸಲ ಹೊಡೆದು ಬೀಸುವ ಕಲ್ಲನ್ನು ಸೀಳಿದ. ನೆಲದ ಹಿಟ್ಟಿಗೆ ರಕ್ತ ಇಳಿದು ಉಂಡೆಗಟ್ಟಿತು. ಬೆಲ್ಟಿಲ್ಲದ ಮೋಟಾರು ಇನ್ನೂ ತಿರುಗುತ್ತಿತ್ತು. ನಾನು ಮೂರು ಹೆಜ್ಜೆ ನಡೆದು ಸ್ವಿಚ್ ಆರಿಸಿದೆ. ಅಷ್ಟು ಹೊತ್ತಿನಲ್ಲಿ ನಾನು ಮಾಡಿದ ಕೆಲಸ ಅದೊಂದೇ.

ಆಟೋದಲ್ಲಿ ಅವಳ ಕೈಯನ್ನು ನನ್ನ ಸೆರಗಿನಲ್ಲಿ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಬೆರಳು ತೆಗೆಯಬೇಕಾಯಿತು. ಮಧ್ಯಾಹ್ನ ಠಾಣೆಯಲ್ಲಿ ಮಗ ಬೆಂಚಿನ ಮೇಲೆ ಕೂತಿದ್ದ. ಬೋಳು ತಲೆಯ ಮೇಲೆ ಹಿಟ್ಟು ಹಾಗೇ ಇತ್ತು. ಅಧಿಕಾರಿ ಪತ್ರವನ್ನು ನನ್ನ ಕಡೆ ತಿರುಗಿಸಿದರು.

"ಬರೆದದ್ದು ನೀವೇ ತಾನೇ?"

"ನಾನೇ ಸಾರ್. ಬರೆದದ್ದು ಬಾಡಿಗೆ, ಆದದ್ದು ಕ್ರಯ. ಸುಳ್ಳು ಅಂತ ಗೊತ್ತಿದ್ದೇ ಬರೆದೆ."

ಮಗ ನಕ್ಕ. "ಬಾಡಿಗೆ ಅಂತ ಬರ್ದೋರೂ ಇವ್ರೇ, ಕ್ರಯ ಅನ್ನೋರೂ ಇವ್ರೇ. ಯಾವ್ದನ್ನ ನಂಬ್ತೀರಾ ಸಾರ್?"

ಅಧಿಕಾರಿ ಕೈ ಒಡೆದದ್ದಕ್ಕೆ ಕೇಸು ಬರೆದುಕೊಂಡರು. ಗಿರಣಿ ಯಾರದೆಂಬುದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಎಂದರು.

ಆ ಬಾಗಿಲಿಗೆ ಈಗಲೂ ಬೀಗವಿದೆ. ಅವಳು ಹೆಬ್ಬಾಳದ ಕಡೆ ಇನ್ನೊಂದು ಗಿರಣಿಯಲ್ಲಿ ಕೂಲಿಗೆ ಹೋಗುತ್ತಾಳೆ, ಎಡಗೈಯಲ್ಲಿ ಕಾಳು ಸುರಿಯುತ್ತಾಳೆ. ಕಳೆದ ತಿಂಗಳು, ಅವಳು ಹೂಡಿದ ಗಿರಣಿಯ ದಾವೆಯಲ್ಲಿ ನನ್ನ ಸಾಕ್ಷಿಯ ದಿನ ಬಂತು. ಕೋರ್ಟಿನ ಹೊರಗಿನ ಬೆಂಚಿನಲ್ಲಿ ಇಬ್ಬರೂ ಕಾಯುತ್ತಿದ್ದೆವು.

"ಜೋರಾಗಿ ಹೇಳಿ ಟೀಚರ್," ಎಂದಳು. "ಅವತ್ತು ಮಿಲ್ಲು ಓಡ್ತಿತ್ತು. ನೀವು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ."

ಅವಳು ಇಷ್ಟು ದಿನ ಹಾಗೆ ತಿಳಿದಿದ್ದಳು. ಒಳಗೆ ಹೋಗುವ ಮೊದಲು ಹೇಳಲೇಬೇಕಾಯಿತು.

"ಅವತ್ತು ನಾನು ಮಾತೇ ಆಡಲಿಲ್ಲ ಕಣಮ್ಮ."

ಅವಳು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒಳಗಿನಿಂದ ನನ್ನ ಹೆಸರು ಕೂಗಿದರು.

"ಕರೀತಾವ್ರೆ," ಎಂದಳು. "ಇವತ್ತು ಆಡಿ."