ಬಡಿಯದೆ ಬಿಟ್ಟ ಹುಣಸೆ

ಬಸ್ಸಿನ ಹೊತ್ತಿಗಿಂತ ಮೊದಲೇ ಬಂದು ನಿಲ್ಲುವುದು ನನ್ನ ಹಳೆಯ ರೂಢಿ. ತಂಗಡಗಿಯಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಹಾಗೆಯೇ ನಿಂತಿದ್ದೆ. ಪಕ್ಕದ ಹುಣಸೆ ಮರದ ತುದಿಯಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದವು. ಗೂಡುಗಳಲ್ಲಿ ಇನ್ನೂ ರೆಕ್ಕೆ ಬಲಿಯದ ಮರಿಗಳಿದ್ದವು.

ಹುಣಸೆ ಹಣ್ಣಾಗಿತ್ತು. ಮರದ ಒಡತಿ ನೀಲವ್ವನ ಮೈದುನ ಸಂಗಣ್ಣ ಅದನ್ನು ಬಡಿಯಲು ಉದ್ದನೆಯ ಗಳ ತಂದಿದ್ದ. ನೀಲವ್ವ ಅಡ್ಡ ನಿಂತಿದ್ದಳು.

"ಬಡದ್ರ ಮರಿ ಬೀಳ್ತಾವ. ಹಾರೂತನಕಾ ತಡಿ."

"ಅಲ್ಲೀತನಕಾ ಹಣ್ಣಿಗೆ ಹುಳ ಬೀಳ್ತಾವ, ವೈನಿ. ವರ್ಷಪೂರ್ತಿ ಸಾರಿಗೆ ಹುಳಿ ಎಲ್ಲಿಂದ ತರ್ತಿ?"

"ನಿನ್ನ ಮಾರಿ ಕಂಡ್ರ ಸಾಕು, ಸಾರು ತಾನ ಹುಳಿ ಆಗ್ತೈತಿ!"

ನಾನು ನಕ್ಕೆ. ಸಂಗಣ್ಣ ನಗಲಿಲ್ಲ; ಗಳ ಎತ್ತಿದ. ಅಷ್ಟರಲ್ಲಿ ಕೃಷ್ಣೆಯ ಕಡೆಯಿಂದ ಒಂದು ಕೊಕ್ಕರೆ ಹಾರಿ ಬಂದು ಗೂಡಿನ ಅಂಚಿನಲ್ಲಿ ಇಳಿಯಿತು. ಮೀನು ತಂದಿರಬೇಕು ಎಂದುಕೊಂಡೆ. ಅದು ಹಳದಿ ಕೊಕ್ಕು ತೆರೆದು ಮರಿಗಳ ಮೇಲೆ ನೀರು ಸುರಿಯಿತು. ಆಮೇಲೆ ಬಿಸಿಲಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಬಿಚ್ಚಿ ಅವುಗಳಿಗೆ ನೆರಳಾಗಿ ನಿಂತಿತು.

ಸಂಗಣ್ಣ ಎತ್ತಿದ ಗಳ ಎತ್ತಿದಂತೆಯೇ ಇತ್ತು. "ಕೂಸಿಗೆ ಎರದಂಗ ಎರಿಯಾಕತ್ತೈತಲ್ಲ, ವೈನಿ," ಎಂದ ಮೆಲ್ಲಗೆ.

"ಮತ್ತ? ಮುಂಜಾನಿಂದ ನಾ ಏನು ಹೇಳಾಕತ್ತೇನಿ?"

ಅವನು ಗಳವನ್ನು ನೆಲಕ್ಕೆ ಮಲಗಿಸಿ, ಕೈಗೆಟುಕುವ ಹಣ್ಣುಗಳನ್ನು ಮಾತ್ರ ಒಂದೊಂದಾಗಿ ಬಿಡಿಸತೊಡಗಿದ. ನೀಲವ್ವ ಸೆರಗೊಡ್ಡಿದಳು.

ದೂರದಲ್ಲಿ ಬಸ್ಸು ಕಂಡಿತು. ನಾನು ಚೀಲ ಎತ್ತಿಕೊಳ್ಳುವ ಮೊದಲೇ ಸಂಗಣ್ಣ ರಸ್ತೆಗೆ ಓಡಿ ಎರಡೂ ಕೈ ಬೀಸಿದ.

"ಹಾರ್ನ್ ಹೊಡಿಬ್ಯಾಡೋ ತಮ್ಮಾ! ಮ್ಯಾಲ ಕೂಸುಗಳದಾವ!"